ಸೇನೆಯ ಖರೀದಿ, ಸಂಸದನ ಹೊಣೆ: ಜಾರ್ಜ್ ಫರ್ನಾಂಡಿಸ್ ನಿಲುವುಗಳ ಸುತ್ತ

(ನಾಗಲಮಡಿಕೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಸೇನೆಗೆ ಏನು ಕೊಳ್ಳಬೇಕು, ಅದನ್ನು ಎಲ್ಲಿ ತಯಾರಿಸಬೇಕು ಎಂಬುದು ದೆಹಲಿಯ ರಕ್ಷಣಾ ಸಚಿವಾಲಯದಲ್ಲಿ ತೀರ್ಮಾನವಾಗುವ ಸಂಗತಿ. ಆಂಧ್ರದ ಗಡಿಗೆ ಅಂಟಿಕೊಂಡಿರುವ ನಾಗಲಮಡಿಕೆಯಲ್ಲಿ ಕುಳಿತು ಅದನ್ನು ಮಾತನಾಡಿ ಏನು ಪ್ರಯೋಜನ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಅದಕ್ಕೆ ಉತ್ತರ ನಮ್ಮ ಮತಪಟ್ಟಿಯಲ್ಲೇ ಇದೆ. ಮಧುಗಿರಿ ಮತ್ತು ಕೊರಟಗೆರೆಯವರು ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ಮತ ಹಾಕುತ್ತಾರೆ. ಶಿರಾ ಮತ್ತು ಪಾವಗಡದವರು ಚಿತ್ರದುರ್ಗ ಕ್ಷೇತ್ರದಲ್ಲಿ ಹಾಕುತ್ತಾರೆ. ತುಮಕೂರು ಕ್ಷೇತ್ರಕ್ಕೆ ಸೇರಿದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಚಿತ್ರದುರ್ಗ ಕ್ಷೇತ್ರಕ್ಕೆ ಸೇರಿದ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ತನ್ನ ಚಾಲಕರಹಿತ ವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತದೆ. ಒಂದು ಕಡೆ ತಯಾರಿಕೆ, ಇನ್ನೊಂದು ಕಡೆ ಪರೀಕ್ಷೆ. ನಮ್ಮ ನಾಲ್ಕು ತಾಲ್ಲೂಕುಗಳು ಆರಿಸಿ ಕಳಿಸುವ ಇಬ್ಬರು ಸಂಸದರ ಅಂಗಳದಲ್ಲೂ ರಕ್ಷಣಾ ಇಲಾಖೆ ಬಂದು ಕೂತಿದೆ. ಹಾಗಿದ್ದೂ ಚುನಾವಣೆಯ ಸಭೆಗಳಲ್ಲಿ ನಾವು ಈ ವಿಷಯವನ್ನು ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ.

ಜನಪ್ರತಿನಿಧಿಯೊಬ್ಬ ಸೇನೆಯ ವಿಚಾರದಲ್ಲಿ ಏನು ಮಾಡಬಲ್ಲ, ಎಲ್ಲಿ ಎಡವಬಲ್ಲ ಎಂಬುದನ್ನು ತಿಳಿಯಲು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರಿಗಿಂತ ಒಳ್ಳೆಯ ಉದಾಹರಣೆ ಕನ್ನಡ ನಾಡಿಗೆ ಸಿಗಲಾರದು. ಸೇನೆಯ ಖರೀದಿಯಲ್ಲಿ ವಿದೇಶಿಯೋ ಸ್ವದೇಶಿಯೋ ಎಂಬ ಪ್ರಶ್ನೆ ಎರಡನೆಯದು. ಬಳಸುವ ಸೈನಿಕನಿಗೂ ಸಹಿ ಹಾಕುವ ಅಧಿಕಾರಿಗೂ ನಡುವಿನ ದೂರ ಎಷ್ಟು, ಆ ಸಹಿಯನ್ನು ಪ್ರಶ್ನಿಸುವ ದಾರಿ ತೆರೆದಿದೆಯೇ ಎಂಬುದು ಮೊದಲನೆಯದು. ಫರ್ನಾಂಡಿಸರ ಆರು ವರ್ಷಗಳ ಅಧಿಕಾರಾವಧಿಯನ್ನು ಆ ದೂರ ಮತ್ತು ಆ ದಾರಿ ಎಂಬ ಎರಡು ಅಳತೆಗಳಿಂದ ನೋಡುವುದು ನನ್ನ ಉದ್ದೇಶ.

ಕಾವಲುಗಳ ಹಳೆಯ ಲೆಕ್ಕ

ಮೊದಲು ನಮ್ಮ ನೆಲದ ಕತೆ. ಸೇನೆಗೆ ಬೇಕಾದ್ದನ್ನು ನಾಡಿನೊಳಗೇ ತಯಾರಿಸಿಕೊಳ್ಳುವ ಆಲೋಚನೆ ಈ ಬಯಲುಸೀಮೆಗೆ ಹೊಸದಲ್ಲ. ಮೈಸೂರು ಅರಸರ ಕಾಲದ, ದನಗಳ ಸಾಕಣೆಯ ಬೆಣ್ಣೆ ಚಾವಡಿಯನ್ನು ಹೈದರಾಲಿ ಸೇನೆಯ ಸಾಗಣೆಗೆ ಹೊಂದಿಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ಕಟ್ಟುನಿಟ್ಟಿನ ಇಲಾಖೆಯನ್ನಾಗಿ ಮಾಡಿದ. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಬೇಕಾದ ಎತ್ತುಗಳ ತಳಿಯನ್ನು ಬೆಳೆಸಿದ್ದು ಕಾವಲು ಎಂದು ಕರೆಯುವ ಈ ಮೀಸಲು ಹುಲ್ಲುಗಾವಲುಗಳ ಮೇಲೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಈ ದನಗಳನ್ನು ತಮ್ಮ ಸೇನೆಗೆ ಬಳಸಿಕೊಂಡರು.

ನಮ್ಮೂರಿನ ಸುಬ್ರಹ್ಮಣ್ಯ ಸ್ವಾಮಿಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹೂಡುವವನೂ ಅವನೇ, ದುಡ್ಡು ಕೊಡುವವನೂ ಅವನೇ. ಆದ್ದರಿಂದ ಮೋಸ ಹೋಗುವುದು ಕಡಿಮೆ. ಸೇನೆಯ ಖರೀದಿಯಲ್ಲಿ ಹೂಡುವವನು ಸೈನಿಕ, ಚೌಕಾಸಿ ಮಾಡುವವನು ಅಧಿಕಾರಿ, ದುಡ್ಡು ಕೊಡುವವರು ನಾವು. ಈ ಮೂವರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಆ ಮೂವರನ್ನು ಒಂದು ಕಡೆ ಕೂಡಿಸಬಲ್ಲವನು ಸಂಸದ ಮಾತ್ರ.

ಬೆಂಗಳೂರಿನ ವಿಮಾನ ಕಾರ್ಖಾನೆಯ ಹುಟ್ಟಿನಲ್ಲೂ ಮೈಸೂರು ಸಂಸ್ಥಾನದ ಪಾಲಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ತೆರೆದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ನೆಲ ಕೊಟ್ಟಿತು, ಬಂಡವಾಳವನ್ನೂ ಹಾಕಿತು. 1954ರಲ್ಲಿ ಜಾಲಹಳ್ಳಿಗೆ ಬಿಇಎಲ್ ಬಂತು, 1964ರಲ್ಲಿ ಬಿಇಎಂಎಲ್ ಬಂತು. ಸೇನೆಯ ದೇಶೀಯ ಖರೀದಿ ಎಂದರೆ ಅದರಲ್ಲಿ ದೊಡ್ಡ ಪಾಲು ಕರ್ನಾಟಕದಲ್ಲೇ ನಡೆಯುವ ಕೆಲಸ.

ಮುಷ್ಕರದಿಂದ ರಕ್ಷಣಾ ಸಚಿವಾಲಯಕ್ಕೆ

ಫರ್ನಾಂಡಿಸ್ ಹುಟ್ಟಿದ್ದು 1930ರ ಜೂನ್ 3ರಂದು. ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿ ಮನಸ್ಸು ನಿಲ್ಲದೆ ಹೊರಬಂದು ಬೊಂಬಾಯಿಯ ಕಾರ್ಮಿಕ ಸಂಘಟನೆಗೆ ಹೋದವರು. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. 1974ರ ರೈಲ್ವೆ ಮುಷ್ಕರವನ್ನು ಮುನ್ನಡೆಸಿದರು. ತುರ್ತುಪರಿಸ್ಥಿತಿಯಲ್ಲಿ ಬರೋಡ ಡೈನಮೈಟ್ ಮೊಕದ್ದಮೆಯ ಆರೋಪಿಯಾಗಿ ಜೈಲು ಸೇರಿ, 1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಗೆದ್ದರು. ಅದೇ ಮೊಕದ್ದಮೆಯ ನೆಪದಲ್ಲಿ ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ನವೆದು 1977ರ ಜನವರಿಯಲ್ಲಿ ತೀರಿಕೊಂಡರು. 1984ರಲ್ಲಿ ಫರ್ನಾಂಡಿಸ್ ಬೆಂಗಳೂರು ಉತ್ತರದಿಂದ ನಿಂತು ಜಾಫರ್ ಷರೀಫರೆದುರು ಸೋತರು. ಕರ್ನಾಟಕ ಅವರನ್ನು ಲೋಕಸಭೆಗೆ ಕಳಿಸಲೇ ಇಲ್ಲ.

ಜನತಾ ಸರ್ಕಾರದ ಕೈಗಾರಿಕಾ ಮಂತ್ರಿಯಾಗಿ ಕೋಕಾ ಕೋಲಾ ಮತ್ತು ಐಬಿಎಂ ಕಂಪನಿಗಳ ಎದುರು ಅವರು ನಿಂತ ರೀತಿ ಎಲ್ಲರಿಗೂ ಗೊತ್ತು. ದೇಶದ ಕಾನೂನಿಗೆ ತಲೆಬಾಗುವುದಾದರೆ ಇರಿ, ಇಲ್ಲವಾದರೆ ಹೊರಡಿ ಎಂಬುದು ಅವರ ನಿಲುವು. ಎರಡೂ ಹೊರಟುಹೋದವು. ಆದ್ದರಿಂದ 1998ರ ಮಾರ್ಚಿನಲ್ಲಿ ಪ್ರಧಾನಿ ವಾಜಪೇಯಿಯವರು ಫರ್ನಾಂಡಿಸರಿಗೆ ರಕ್ಷಣಾ ಖಾತೆ ಕೊಟ್ಟಾಗ ಎರಡು ಬಗೆಯ ಅಚ್ಚರಿ ಹುಟ್ಟಿತು. ಅಣುಬಾಂಬಿನ ವಿರುದ್ಧ ಮಾತನಾಡುತ್ತಿದ್ದ, ಟಿಬೆಟ್ ಮತ್ತು ಬರ್ಮಾದ ಹೋರಾಟಗಾರರಿಗೆ ಮನೆಬಾಗಿಲು ತೆರೆದಿಟ್ಟಿದ್ದ ಸಮಾಜವಾದಿ ಸೇನೆಯ ಮಂತ್ರಿಯಾಗುವುದು ಒಂದು. ಎರಡು ತಿಂಗಳೊಳಗೆ ಪೋಖ್ರಾನ್‌ನಲ್ಲಿ ಅಣುಬಾಂಬು ಸಿಡಿದಾಗ ಅವರೇ ಅದನ್ನು ಸಮರ್ಥಿಸಿದ್ದು ಇನ್ನೊಂದು. ಅದೇ ಮೇ ತಿಂಗಳಲ್ಲಿ, ಭಾರತಕ್ಕೆ ಮುಂದೆ ಒದಗಬಹುದಾದ ಅಪಾಯಗಳಲ್ಲಿ ಚೀನಾ ಮೊದಲನೆಯದು ಎಂದು ಬಹಿರಂಗವಾಗಿ ಹೇಳಿ ಟೀಕೆಗೆ ಗುರಿಯಾದರು. ಪಾಕಿಸ್ತಾನದತ್ತ ಮಾತ್ರ ನೋಡುತ್ತಿದ್ದ ದೆಹಲಿಗೆ ಆ ಮಾತು ಹಿಡಿಸಲಿಲ್ಲ. 2020ರಲ್ಲಿ ಗಾಲ್ವಾನ್‌ನಲ್ಲಿ ಚೀನಾ ಸೇನೆಯೊಡನೆ ಘರ್ಷಣೆ ನಡೆದ ನಂತರ ಅದನ್ನು ಅತಿರೇಕ ಎನ್ನುವವರು ಕಡಿಮೆಯಾಗಿದ್ದಾರೆ.

ಸಿಯಾಚಿನ್ ಕಡತ

ಮೊದಲ ಅಳತೆ, ಸೈನಿಕನಿಗೂ ಸಹಿಗೂ ನಡುವಿನ ದೂರ. 1984ರ ಏಪ್ರಿಲ್‌ನಿಂದ ನಮ್ಮ ಸೇನೆ ಸಿಯಾಚಿನ್ ಹಿಮನದಿಯ ಮೇಲಿದೆ. ಅಲ್ಲಿ ಗುಂಡಿಗಿಂತ ಹಿಮಪಾತ, ಚಳಿ, ಉಸಿರುಗಟ್ಟುವ ಎತ್ತರಕ್ಕೆ ಸತ್ತವರೇ ಹೆಚ್ಚು. ನಮ್ಮ ರಾಜ್ಯದ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಸಿಲುಕಿ, ಜೀವಂತವಾಗಿ ಹೊರಬಂದು, ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದು ನಿಮಗೆ ನೆನಪಿರುತ್ತದೆ.

ಫರ್ನಾಂಡಿಸ್ ಮಂತ್ರಿಯಾದ ಹೊಸದರಲ್ಲೇ ಆ ಹಿಮನದಿಗೆ ಹೋದರು. ಹಿಮದ ಮೇಲೆ ಓಡುವ ಸ್ಕೂಟರುಗಳು ಬೇಕೆಂದು ಸೇನೆ ಕೇಳಿ ಬಹಳ ಕಾಲವಾಗಿತ್ತು. ಕಡತ ಮಾತ್ರ ಸಚಿವಾಲಯದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಶ್ನೆಗಳನ್ನು ಹೊತ್ತುಕೊಂಡು ತಿರುಗುತ್ತಿತ್ತು. ದೆಹಲಿಗೆ ಮರಳಿದ ಮಂತ್ರಿಗಳು ಕಡತಕ್ಕೆ ಇನ್ನೊಂದು ಟಿಪ್ಪಣಿ ಸೇರಿಸಲಿಲ್ಲ. ಅದನ್ನು ತಡೆದಿಟ್ಟಿದ್ದ ಅಧಿಕಾರಿಗಳು ಸಿಯಾಚಿನ್‌ಗೆ ಹೋಗಿ ಕೆಲವು ದಿನ ಇದ್ದು ಬರಲಿ ಎಂದು ಆದೇಶ ಮಾಡಿದರು. ಅಲ್ಲಿಂದ ಬಂದವರಿಗೆ ಸ್ಕೂಟರು ಯಾಕೆ ಬೇಕು ಎಂದು ಕೇಳುವ ಅಗತ್ಯ ಉಳಿಯಲಿಲ್ಲ. ಖರೀದಿ ಮುಂದಕ್ಕೆ ಹೋಯಿತು. ಅಲ್ಲಿಗೆ ಹೋಗುವುದನ್ನು ಫರ್ನಾಂಡಿಸ್ ಮುಂದೆಯೂ ಬಿಡಲಿಲ್ಲ. ಅಧಿಕಾರದಲ್ಲಿದ್ದಷ್ಟು ಕಾಲ ಮತ್ತೆ ಮತ್ತೆ ಹೋಗಿ ಜವಾನರ ನಡುವೆ ಕೂತು ಬಂದರು.

2003ರಲ್ಲೂ ಅಂಥದ್ದೇ ಒಂದು ಘಟನೆ ನಡೆಯಿತು. ಮಿಗ್-21 ಯುದ್ಧವಿಮಾನಗಳು ಮೇಲಿಂದ ಮೇಲೆ ಬಿದ್ದು, ಪತ್ರಿಕೆಗಳು ಅವನ್ನು ಹಾರುವ ಶವಪೆಟ್ಟಿಗೆ ಎಂದು ಕರೆಯುತ್ತಿದ್ದವು. ಎಪ್ಪತ್ತಮೂರು ವರ್ಷದ ಫರ್ನಾಂಡಿಸ್ ಅಂಬಾಲಾದಲ್ಲಿ ಅದರ ಹಿಂದಿನ ಸೀಟಿನಲ್ಲಿ ಕೂತು ಹಾರಿ ಬಂದರು. ಧೈರ್ಯದ ಮಟ್ಟಿಗೆ ಅದನ್ನು ಮೆಚ್ಚಬೇಕು. ಆದರೆ ಮಂತ್ರಿ ಒಂದು ಸಲ ಕೂತು ಬಂದ ಮಾತ್ರಕ್ಕೆ ಎಳೆಯ ಪೈಲಟ್‌ಗಳಿಗೆ ತರಬೇತಿ ವಿಮಾನ ಸಿಗುವುದಿಲ್ಲ. ಹಾಕ್ ತರಬೇತಿ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚಿನಲ್ಲಿ, ಎರಡು ದಶಕಗಳ ಚರ್ಚೆಯ ನಂತರ. ಅಂದು ಒಪ್ಪಿದ 66 ವಿಮಾನಗಳಲ್ಲಿ 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. ಫರ್ನಾಂಡಿಸರ ಕಾಲದ ಈ ಒಪ್ಪಂದ ಅಂಬಾಲಾದ ಹಾರಾಟಕ್ಕಿಂತ ಹೆಚ್ಚು ತೂಕದ್ದು ಎಂದು ನನ್ನ ಅಭಿಪ್ರಾಯ.

ಕಾರ್ಗಿಲ್ ಕಲಿಸಿದ್ದು

ಎರಡನೆಯ ಅಳತೆ, ಪ್ರಶ್ನಿಸುವ ದಾರಿ. ಇಲ್ಲಿ ಕತೆ ಕಹಿಯಾಗುತ್ತದೆ.

1999ರ ಬೇಸಿಗೆಯಲ್ಲಿ ಕಾರ್ಗಿಲ್‌ನ ಶಿಖರಗಳನ್ನು ಬಿಡಿಸಿಕೊಳ್ಳುವಾಗ ಕೈಹಿಡಿದದ್ದು 155 ಮಿಲಿಮೀಟರ್‌ನ ಬೊಫೋರ್ಸ್ ಫಿರಂಗಿ. ಅದೇ ಫಿರಂಗಿಯ ಹೆಸರಿನಲ್ಲಿ ಒಂದು ಸರ್ಕಾರ ಬಿದ್ದಿತ್ತು. 1986ರ ಮಾರ್ಚಿನಲ್ಲಿ ಸುಮಾರು 1,437 ಕೋಟಿ ರೂಪಾಯಿಗೆ ಒಪ್ಪಂದವಾಗಿ, ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಹೊರಗೆಡಹಿತು. ಆಮೇಲೆ ಕಂಪನಿಯ ಜತೆ ವ್ಯವಹಾರ ನಿಂತಿತು. ಒಪ್ಪಂದದಲ್ಲಿ ನಕ್ಷೆಗಳ ಹಸ್ತಾಂತರ ಸೇರಿದ್ದರೂ ಅದೇ ಫಿರಂಗಿಯನ್ನು ಇಲ್ಲಿ ತಯಾರಿಸುವ ಕೆಲಸ ಮೂಲೆಗೆ ಬಿತ್ತು. ಆ ನಕ್ಷೆಗಳ ಆಧಾರದ ಮೇಲೆ ಜಬಲ್ಪುರದಲ್ಲಿ ತಯಾರಾದ ‘ಧನುಷ್’ ಸೇನೆಯ ಕೈಸೇರಿದ್ದು 2019ರಲ್ಲಿ. ಹಗರಣ ಮಾಡಿದವರನ್ನು ಶಿಕ್ಷಿಸಲು ನಮಗೆ ಆಗಲಿಲ್ಲ, ಫಿರಂಗಿ ತಯಾರಿಸುವುದನ್ನು ಮಾತ್ರ ಮೂವತ್ತು ವರ್ಷ ಮುಂದೂಡಿದೆವು.

ಬೊಫೋರ್ಸ್ ವಿರುದ್ಧ ಗುಡುಗಿದವರ ಸಾಲಿನಲ್ಲಿದ್ದ ಫರ್ನಾಂಡಿಸ್ ಈಗ ತಾವೇ ತುರ್ತು ಖರೀದಿಗೆ ಹೊಣೆಗಾರರಾದರು. ಯುದ್ಧಕಾಲದ ಆ ಖರೀದಿಗಳ ಬಗ್ಗೆ ಸಿಎಜಿ ವರದಿ 2001ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂತು. ತುರ್ತೆಂದು ನಿಯಮ ಸಡಿಲಿಸಿ ಕೊಂಡ ಸಾಮಗ್ರಿಯಲ್ಲಿ ಬಹುಪಾಲು ಯುದ್ಧ ಮುಗಿದ ಮೇಲೆ ಬಂದಿತ್ತು ಎಂಬುದು ಅದರ ಸಾರ. ಅದರೊಳಗಿನ ಒಂದು ವಿವರ ದೇಶವನ್ನೇ ಕೆರಳಿಸಿತು. ಹುತಾತ್ಮರ ದೇಹ ಸಾಗಿಸಲು ಅಮೆರಿಕದಿಂದ 500 ಅಲ್ಯುಮಿನಿಯಂ ಶವಪೆಟ್ಟಿಗೆಗಳಿಗೆ ತಲಾ 2,500 ಡಾಲರಿನಂತೆ ಒಪ್ಪಂದವಾಗಿತ್ತು. ಬಂದ 150 ಪೆಟ್ಟಿಗೆಗಳು ನಿಗದಿಗಿಂತ ತೀರಾ ಭಾರವಾಗಿದ್ದು ಸೇನೆ ಅವನ್ನು ಬಳಸಲೇ ಇಲ್ಲ. ಫರ್ನಾಂಡಿಸರ ಹೆಸರಿಗೆ ಈ ಮಸಿ ವರ್ಷಗಟ್ಟಲೆ ಅಂಟಿಕೊಂಡಿತು. 2009ರಲ್ಲಿ ಸಿಬಿಐ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವರ ಹೆಸರಿದ್ದ ಬರಾಕ್ ಕ್ಷಿಪಣಿ ಖರೀದಿಯ ಮೊಕದ್ದಮೆಯನ್ನೂ ಸಿಬಿಐ 2013ರಲ್ಲಿ ಸಾಕ್ಷ್ಯವಿಲ್ಲವೆಂದು ಮುಚ್ಚಿತು.

ಸಿಎಜಿ ವರದಿಗೂ ಮುಂಚೆ ತೆಹಲ್ಕಾ ಪತ್ರಕರ್ತರು ಇಲ್ಲದ ಆಯುಧ ಕಂಪನಿಯ ಮಾರಾಟಗಾರರ ವೇಷದಲ್ಲಿ ಗುಪ್ತ ಕ್ಯಾಮೆರಾ ಹಿಡಿದು ಹೊರಟಿದ್ದರು. ರಕ್ಷಣಾ ಮಂತ್ರಿಯ ಅಧಿಕೃತ ನಿವಾಸದ ಒಳಗೇ, ಅವರ ಪಕ್ಷದ ಅಧ್ಯಕ್ಷೆ ಜಯಾ ಜೇಟ್ಲಿ ಅವರ ಎದುರಿಗೆ ಹಣದ ಮಾತು ನಡೆದದ್ದು 2001ರ ಮಾರ್ಚಿನಲ್ಲಿ ತೆರೆಯ ಮೇಲೆ ಬಂತು. ಫರ್ನಾಂಡಿಸ್ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಮತ್ತೆ ಅದೇ ಹುದ್ದೆಗೆ ಬಂದಾಗ ವಿರೋಧಪಕ್ಷಗಳು ಸದನದಲ್ಲಿ ಅವರ ಮಾತನ್ನು ಬಹಿಷ್ಕರಿಸಿದವು. 2020ರಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ ಜೇಟ್ಲಿ ಅವರಿಗೆ ನಾಲ್ಕು ವರ್ಷ ಶಿಕ್ಷೆ ವಿಧಿಸಿತು, ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಫರ್ನಾಂಡಿಸ್ ಸ್ವಂತಕ್ಕೆ ದುಡ್ಡು ಮಾಡಿದರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಆದರೆ ಜನರಿಗಾಗಿ ಗೇಟು ತೆಗೆಸಿಟ್ಟ ಮನೆಗೆ ದಲ್ಲಾಳಿಯೂ ಬರಬಲ್ಲ ಎಂಬ ಎಚ್ಚರ ರಕ್ಷಣಾ ಮಂತ್ರಿಗೆ ಇರಲೇಬೇಕಿತ್ತು. ಅದು ಇರಲಿಲ್ಲ.

ಆ ಬೆಂಕಿಯಿಂದ ಒಂದು ಒಳ್ಳೆಯದೂ ಹೊರಬಂತು. ಕಾರ್ಗಿಲ್ ಪರಿಶೀಲನೆಗೆ ಕೆ. ಸುಬ್ರಹ್ಮಣ್ಯಂ ಸಮಿತಿ ಕೂತು, ಅದರ ವರದಿಯ ಮೇಲೆ ಮಂತ್ರಿಗಳ ಗುಂಪು ಕೆಲಸ ಮಾಡಿ, 2001ರಲ್ಲಿ ರಕ್ಷಣಾ ಖರೀದಿ ಮಂಡಳಿ ಬಂತು. 2002ರ ಡಿಸೆಂಬರ್ 30ರಿಂದ ಬರವಣಿಗೆಯ ಖರೀದಿ ವಿಧಾನ ಜಾರಿಯಾಯಿತು. ಸೇನೆಯ ಅಗತ್ಯವನ್ನು ಯಾರು ಹೇಳಬೇಕು, ಪರೀಕ್ಷೆ ಹೇಗೆ, ಬೆಲೆ ಮಾತುಕತೆ ಯಾರು ಮಾಡಬೇಕು ಎಂಬ ಹಂತಗಳು ಅಲ್ಲಿ ಸ್ಪಷ್ಟವಾದವು. 2020ರ ವಿಧಾನ ಅದರದೇ ವಂಶದ್ದು. ಇದೇ ದೇಶದಲ್ಲಿ ವಿನ್ಯಾಸಗೊಂಡು ಇಲ್ಲೇ ತಯಾರಾದ, ಕನಿಷ್ಠ ಶೇ 50 ಸ್ವದೇಶಿ ಪಾಲಿರುವ ವಸ್ತುವಿಗೆ ಅದು ಮೊದಲ ಆದ್ಯತೆ ಕೊಟ್ಟಿತು.

ಮೈ ನಮ್ಮದು, ಎಂಜಿನ್ ಯಾರದು?

ಸ್ವದೇಶಿ ಎಂಬ ಮಾತಿನ ಒಳಗನ್ನೂ ನೋಡಬೇಕು. ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ 1961ರಲ್ಲಿ ಬೆಂಗಳೂರಿನ ಮೇಲೆ ಹಾರಿತು. ಅದರ ವಿನ್ಯಾಸಕ್ಕೆ ತಕ್ಕ ಬಲವಾದ ಎಂಜಿನ್ ಕೊನೆಗೂ ಸಿಗಲಿಲ್ಲ. 147 ವಿಮಾನಗಳಿಗೆ ಅದರ ಕತೆ ಮುಗಿಯಿತು. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಫರ್ನಾಂಡಿಸರ ಕಾಲದಲ್ಲೇ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. ಅಮೆರಿಕದ ಎಂಜಿನ್ ಬರುವುದು ತಡವಾಗಿ ಬೆಂಗಳೂರಿನಲ್ಲಿ ವಿಮಾನದ ಮೈಗಳು ಕಾಯುತ್ತ ನಿಂತವು. ಅರವತ್ತು ವರ್ಷಗಳ ನಂತರವೂ ತೊಡಕು ಅದೇ ಜಾಗದಲ್ಲಿದೆ. ಆದ್ದರಿಂದ ದೇಶೀಯ ಖರೀದಿ ಎಂದು ಸಂಸತ್ತಿನಲ್ಲಿ ಮೇಜು ಕುಟ್ಟುವವರನ್ನು ಎಂಜಿನ್ನಿನ ಬಗ್ಗೆ ಕೇಳಬೇಕು.

ನಮ್ಮ ಎರಡು ಕಾವಲು

ಈಗ ಮನೆಯ ವಿಷಯಕ್ಕೆ ಬರೋಣ. ಬಿದರೆಹಳ್ಳ ಕಾವಲಿನ 615 ಎಕರೆಯ ಕಾರ್ಖಾನೆಗೆ ಪ್ರಧಾನಿ ಮೋದಿ 2016ರ ಜನವರಿ 3ರಂದು ಅಡಿಗಲ್ಲು ಹಾಕಿದರು. 2023ರ ಫೆಬ್ರವರಿ 6ರಂದು ಉದ್ಘಾಟಿಸಿದರು. ಮೊದಲಿಗೆ ವರ್ಷಕ್ಕೆ 30, ಮುಂದೆ 60, ಆಮೇಲೆ 90 ಹೆಲಿಕಾಪ್ಟರ್ ಎಂಬುದು ಗುರಿ. ಇಲ್ಲಿ ಮೊದಲು ತಯಾರಾಗಬೇಕಾದ ಹಗುರ ಹೆಲಿಕಾಪ್ಟರ್ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದದ್ದು. ಸಿಯಾಚಿನ್‌ನ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಔಷಧಿ, ಅಂಚೆ ಹೊತ್ತು ಹೋಗುವುದು, ಕಾಯಿಲೆ ಬಿದ್ದವರನ್ನು ಇಳಿಸಿ ತರುವುದು ಅದೇ ಹಳೆಯ ಚೀತಾ. ಹೊಸದು ಮೊದಲು ಹಾರಿದ್ದು 2016ರ ಸೆಪ್ಟೆಂಬರಿನಲ್ಲಿ. ದೊಡ್ಡ ಸಂಖ್ಯೆಯಲ್ಲಿ ಸೇನೆಯ ಕೈಗೆ ಬರುವ ದಿನ ಮುಂದೆ ಮುಂದೆ ಹೋಗಿದೆ. ಫರ್ನಾಂಡಿಸ್ ಕಡತ ಓಡಿಸಿದ ಆ ಹಿಮನದಿಯ ಜವಾನ ಈಗ ಗುಬ್ಬಿಯತ್ತ ಕಣ್ಣಿಟ್ಟಿದ್ದಾನೆ. 2025ರ ಮಾರ್ಚಿನಲ್ಲಿ 62,700 ಕೋಟಿ ರೂಪಾಯಿಗೆ 156 ಯುದ್ಧ ಹೆಲಿಕಾಪ್ಟರ್‌ಗಳ ಒಪ್ಪಂದವಾಗಿದೆ. ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕು. ನಮ್ಮ ಸಂಸದರಿಗೆ ಇದು ಸ್ಥಳೀಯರಿಗೆ ಎಷ್ಟು ಕೆಲಸ ಎಂಬ ಒಂದೇ ಪ್ರಶ್ನೆಯಾಗಿ ಕಾಣುತ್ತದೆ. ಕೆಲಸ ಮುಖ್ಯ, ಸರಿ. ಗಡುವೂ ಅಷ್ಟೇ ಮುಖ್ಯ.

ಚಳ್ಳಕೆರೆಯ ಕತೆ ಬೇರೆ. ಅಲ್ಲಿ ಡಿಆರ್‌ಡಿಒಗೆ ಸಿಕ್ಕಿದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಅಮೃತ ಮಹಲ್ ಕಾವಲು. ಸುತ್ತಲ ಹಳ್ಳಿಗಳ ಕುರಿ, ದನಗಳಿಗೆ ಅದೇ ಹುಲ್ಲು. ಬೇಲಿ ಬಂದ ಮೇಲೆಯೇ ಜನರಿಗೆ ಸುದ್ದಿ ತಿಳಿದದ್ದು. ವಿವಾದ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಪರೀಕ್ಷಾ ನೆಲೆಯನ್ನು 2017ರ ಮೇ ತಿಂಗಳಲ್ಲಿ ಆಗಿನ ರಕ್ಷಣಾ ಮಂತ್ರಿ ಅರುಣ್ ಜೇಟ್ಲಿ ಉದ್ಘಾಟಿಸಿದರು. ಅಲ್ಲಿಂದ ಹಾರಿದ ‘ತಪಸ್’ ಡ್ರೋನ್ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಡ್ಡಿಕೆರೆಯ ಹೊಲವೊಂದರಲ್ಲಿ ಬಿತ್ತು. ಸೇನೆ ಕೇಳಿದ ಎತ್ತರ ಮತ್ತು ಹಾರಾಟದ ಅವಧಿಯನ್ನು ಅದು ಮುಟ್ಟಲಿಲ್ಲ. 2024ರ ಅಕ್ಟೋಬರಿನಲ್ಲಿ ಸರ್ಕಾರ ಅಮೆರಿಕದ 31 ಡ್ರೋನ್‌ಗಳಿಗೆ ಸಹಿ ಹಾಕಿತು. ಪರೀಕ್ಷೆಯಲ್ಲಿ ವಿಮಾನ ಬೀಳುವುದು ತಪ್ಪಲ್ಲ, ಬೀಳದೆ ಯಾರೂ ಕಲಿತಿಲ್ಲ. ಆದರೆ ಹುಲ್ಲುಗಾವಲು ಕಳೆದುಕೊಂಡವರಿಗೆ ಆ ಯೋಜನೆ ಎಲ್ಲಿಗೆ ಬಂತೆಂದು ಕೇಳುವ ಹಕ್ಕಿದೆ.

ನಮ್ಮ ನಾಗಲಮಡಿಕೆ ಹೋಬಳಿಯ ಅನುಭವವನ್ನು ಇದರ ಪಕ್ಕದಲ್ಲಿಡಿ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂತು. ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಕೊಟ್ಟರು. ಪಹಣಿ ಅವರ ಹೆಸರಿನಲ್ಲೇ ಉಳಿಯಿತು. ಭೂಮಿ ಇಲ್ಲದ ಕೂಲಿಯವರಿಗೆ ಅದರಿಂದ ಏನೂ ಸಿಗಲಿಲ್ಲ ಎಂಬ ಕೊರತೆ ನಿಜ. ಆದರೂ ರಾಷ್ಟ್ರದ ಯೋಜನೆಗೆ ನೆಲ ಕೊಡುವಾಗ ಊರಿನವರ ಜತೆ ಕೂತು ಮಾತನಾಡಲು ಸಾಧ್ಯ ಎಂಬುದಕ್ಕೆ ನಮ್ಮ ಹೋಬಳಿಯೇ ಸಾಕ್ಷಿ. ರಕ್ಷಣೆಯ ಗುಟ್ಟು ಆಯುಧಕ್ಕೆ ಬೇಕು, ಹುಲ್ಲುಗಾವಲಿನ ಹಸ್ತಾಂತರಕ್ಕೆ ಬೇಡ.

ಕೊನೆಯ ಮಾತು

ಮಂತ್ರಿಯಾಗದ ಸಂಸದ ಏನು ಮಾಡಬಲ್ಲ? ಸಾಕಷ್ಟು ಮಾಡಬಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. 1993ರಿಂದ ರಕ್ಷಣಾ ಸ್ಥಾಯಿ ಸಮಿತಿ ಇದೆ. ಸೇನಾಧಿಕಾರಿಗಳನ್ನೂ ಕಾರ್ಖಾನೆಯ ಮುಖ್ಯಸ್ಥರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಕೇಳುವ ಅಧಿಕಾರ ಅದಕ್ಕಿದೆ. ಸಿಎಜಿ ವರದಿಗಳನ್ನು ಓದುವ ಲೆಕ್ಕಪತ್ರ ಸಮಿತಿ ಇದೆ. ದಾರಿಗಳು ಇವೆ, ನಡೆಯುವವರು ಬೇಕು.

ಫರ್ನಾಂಡಿಸ್ 2019ರ ಜನವರಿ 29ರಂದು ತೀರಿಕೊಂಡರು. ನನ್ನ ತೀರ್ಪು ಇಷ್ಟು: ಸೈನಿಕನ ಹತ್ತಿರ ಹೋಗುವುದನ್ನು ಅವರಷ್ಟು ಚೆನ್ನಾಗಿ ಮಾಡಿದ ರಕ್ಷಣಾ ಮಂತ್ರಿ ವಿರಳ. ತಮ್ಮ ಸುತ್ತಲಿನವರನ್ನು ದೂರ ಇಡುವುದರಲ್ಲಿ ಅವರು ಸೋತರು. ಅವರ ಧೈರ್ಯಕ್ಕಿಂತ ಅವರ ಕಾಲದಲ್ಲಿ ಬಂದ ಬರವಣಿಗೆಯ ನಿಯಮ ಹೆಚ್ಚು ಕಾಲ ಬಾಳಿದೆ, ಬಾಳಬೇಕಾದದ್ದೂ ಅದೇ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರು ಮುಂದಿನ ಲೋಕಸಭಾ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕುತ್ತೀರಿ. ಮತ ಕೇಳಲು ಯಾವ ಪಕ್ಷದವರೇ ಬರಲಿ, ಮೂರು ಪ್ರಶ್ನೆ ಕೇಳಿ. ಗುಬ್ಬಿಯ ಕಾರ್ಖಾನೆ ಕಳೆದ ವರ್ಷ ಎಷ್ಟು ಹೆಲಿಕಾಪ್ಟರ್ ಕೊಟ್ಟಿತು? ಅದರ ಬೆಲೆಯಲ್ಲಿ ಎಷ್ಟು ಪಾಲು ಈ ದೇಶದಲ್ಲಿ ಉಳಿಯಿತು? ಚಳ್ಳಕೆರೆಯ ಕಾವಲು ಕಳೆದುಕೊಂಡವರಿಗೆ ಏನು ಸಿಕ್ಕಿತು? ಉತ್ತರ ಗೊತ್ತಿಲ್ಲದವರು ತಿಳಿದುಕೊಂಡು ಮತ್ತೆ ಬರಲಿ. ತಿಳಿದುಕೊಳ್ಳುವ ಮನಸ್ಸಿಲ್ಲದವರಿಗೆ ಮತ ಕೊಡಬೇಡಿ.